ಒಂದೇ ನಂಬರ್, ಮೂರು ಸಿಮ್: ದೀರ್ಘ ಬಳಕೆಯ ನಂತರ

ಫೋನಿನಲ್ಲಿ ಒಂದು ಸಿಮ್, ಟ್ಯಾಬ್‌ನಲ್ಲಿ ಒಂದು, ವಾಚಿನಲ್ಲಿ ಇ-ಸಿಮ್ (ಕಾರ್ಡಿಲ್ಲದೆ ಸಾಧನದೊಳಗೇ ಇರುವ ಸಿಮ್). ಮೂರಕ್ಕೂ ನಂಬರ್ ಒಂದೇ, ಡೇಟಾ ಪ್ಲಾನೂ ಒಂದೇ. ಮಲ್ಟಿ-ಸಿಮ್ ಎಂಬ ಈ ಸೇವೆಯನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಕರೆ, ಡೇಟಾ ಬಗ್ಗೆ ದೊಡ್ಡ ತಕರಾರಿಲ್ಲ. ತಲೆನೋವೆಲ್ಲ ಎಸ್ಸೆಮ್ಮೆಸ್‌ನದ್ದು.

ಇದು ಸಿಮ್ ಕ್ಲೋನಿಂಗ್ ಅಲ್ಲ, ಅಂದರೆ ಒಂದೇ ಸಿಮ್ಮಿನ ನಕಲು ಮಾಡಿದ್ದಲ್ಲ. ನೆಟ್‌ವರ್ಕ್ ಸಿಮ್ಮನ್ನು ಗುರುತಿಸುವುದು ಫೋನ್ ನಂಬರಿನಿಂದಲ್ಲ, ಅದರೊಳಗಿರುವ ಐಎಂಎಸ್‌ಐ ಎಂಬ ಸಂಖ್ಯೆಯಿಂದ. ಸಾಮಾನ್ಯವಾಗಿ ಅದಕ್ಕೆ 15 ಅಂಕಿ. ಒಂದೇ ಐಎಂಎಸ್‌ಐ ಎರಡು ಕಡೆ ಕಾಣಿಸಿಕೊಂಡರೆ, ಒಂದು ಒಳಗೆ ಬಂದ ಕೂಡಲೇ ಇನ್ನೊಂದು ಹೊರಬೀಳುತ್ತದೆ. ಮಲ್ಟಿ-ಸಿಮ್‌ನಲ್ಲಿ ಪ್ರತಿ ಕಾರ್ಡಿಗೂ ಅದರದೇ ಐಎಂಎಸ್‌ಐ ಇರುತ್ತದೆ, ಅಷ್ಟನ್ನೂ ಒಂದೇ ನಂಬರಿಗೆ ಜೋಡಿಸುವುದು ಮೊಬೈಲ್ ಸೇವೆ ಕೊಡುವ ಕಂಪನಿಯ ವ್ಯವಸ್ಥೆ. ಹಾಗಾಗಿ ಕಂಪನಿ ಈ ಸೌಲಭ್ಯ ಕೊಡದಿದ್ದರೆ ನಾವಾಗಿ ಮಾಡಿಕೊಳ್ಳಲು ಬರುವುದಿಲ್ಲ.

ಕರೆ ಬಂದರೆ ಮೊದಲು ಫೋನ್ ಬಡಿದುಕೊಳ್ಳುತ್ತದೆ, ಅರೆಕ್ಷಣ ಬಿಟ್ಟು ಟ್ಯಾಬ್, ಆಮೇಲೆ ಮಣಿಕಟ್ಟಿನ ಮೇಲೆ ವಾಚು. ಒಂದರಲ್ಲಿ ಎತ್ತಿದರೆ ಉಳಿದವು ಸುಮ್ಮನಾಗುತ್ತವೆ, ಆದರೆ ಟ್ಯಾಬ್ ಮಾತ್ರ ಒಮ್ಮೊಮ್ಮೆ ನಾನು ಮಾತಾಡಿ ಮುಗಿಸಿದ ಕರೆಯನ್ನೇ ಮಿಸ್ಡ್ ಕಾಲ್ ಎಂದು ತೋರಿಸುತ್ತದೆ. ಅದಕ್ಕೆ ಈಗ ಒಗ್ಗಿಹೋಗಿದ್ದೇನೆ.

ಎಸ್ಸೆಮ್ಮೆಸ್ ಹಾಗಲ್ಲ. ಎಸ್ಸೆಮ್ಮೆಸ್‌ಗಳನ್ನು ತಲುಪಿಸುವ ಮೆಸೇಜ್ ಸೆಂಟರ್ 'ಈ ನಂಬರ್ ಎಲ್ಲಿದೆ' ಎಂದು ನೆಟ್‌ವರ್ಕ್ ಅನ್ನು ಕೇಳಿದಾಗ ಅದಕ್ಕೆ ಸಿಗುವುದು ಒಂದೇ ವಿಳಾಸ, ಮೆಸೇಜ್ ಹೋಗುವುದೂ ಅಲ್ಲಿಗೇ. ಯಾವ ಕಾರ್ಡಿಗೆ ಬರಬೇಕೆಂದು ನಾವೇ ಆರಿಸಬಹುದು. ನನ್ನ ಕಂಪನಿಯಲ್ಲಿ ಅದಕ್ಕೊಂದು ಸ್ಟಾರ್-ಹ್ಯಾಶ್ ಕೋಡ್ (* ಮತ್ತು # ಸೇರಿಸಿ ಡಯಲ್ ಮಾಡುವ ಸಂಖ್ಯೆ) ಇದೆ. ಒಮ್ಮೆ ಫೋನಿನ ಸಿಮ್ ಬದಲಿಸಿದಾಗ ಆ ಆಯ್ಕೆ ತಾನೇ ಟ್ಯಾಬಿಗೆ ಜಾರಿತ್ತು. ನಾನು ಬ್ಯಾಂಕಿನ ಕೌಂಟರ್ ಮುಂದೆ, ಒಟಿಪಿ ಮನೆಯ ಡ್ರಾಯರಿನಲ್ಲಿ! ಕಸ್ಟಮರ್ ಕೇರ್‌ನವರದ್ದು ಒಂದೇ ರಾಗ: ಫೋನ್ ಆಫ್ ಮಾಡಿ ಆನ್ ಮಾಡಿ. ಸಿಮ್ ಬದಲಾದಾಗಲೆಲ್ಲ ಆ ಕೋಡ್ ಮತ್ತೆ ಒತ್ತಬೇಕು ಎಂಬ ಒಂದು ಮಾತು ಅವರ ಬಾಯಿಂದ ಬರಲೇ ಇಲ್ಲ.

ಡೇಟಾ ಎಲ್ಲಕ್ಕೂ ಸೇರಿ ಒಂದೇ ಲೆಕ್ಕ. ಟ್ಯಾಬ್ ತನ್ನಷ್ಟಕ್ಕೆ ಅಪ್‌ಡೇಟ್ ಇಳಿಸಿಕೊಂಡು ಮಿತಿ ಮುಗಿಸಿದರೆ ಫೋನಿನ ವೇಗವೂ ಬೀಳುತ್ತದೆ. ಅಪ್‌ಡೇಟ್‌ಗಳನ್ನು ವೈ-ಫೈಗಷ್ಟೇ ಬಿಟ್ಟುಕೊಡಿ.

2017ರಲ್ಲಿ ಆ್ಯಪಲ್ ವಾಚ್ ಸೀರೀಸ್ 3 ಫೋನಿನ ನಂಬರನ್ನೇ ಹಂಚಿಕೊಳ್ಳುವ ಇ-ಸಿಮ್‌ನೊಂದಿಗೆ ಬಂದಿತ್ತು. ನನ್ನ ವಾಚು ಬೇರೆ ಕಂಪನಿಯದು, ಕೆಲಸ ಅದೇ. ಫೋನ್ ಬಿಟ್ಟು ವಾಕಿಂಗ್ ಹೋಗಬಹುದು, ಆದರೆ ವಾಚು ಸ್ವಂತ ನೆಟ್‌ವರ್ಕ್ ಹಿಡಿದಾಗ ಬ್ಯಾಟರಿ ಬೇಗ ಖಾಲಿ.

ಟ್ಯಾಬ್‌ನಲ್ಲಿ ವಾಟ್ಸ್ಆ್ಯಪ್ ಬೇಕೆಂದಷ್ಟೇ ಇದನ್ನು ತೆಗೆದುಕೊಳ್ಳಬೇಡಿ. ಲಿಂಕ್ಡ್ ಡಿವೈಸ್ ಸೌಲಭ್ಯಕ್ಕೆ ಎರಡನೇ ಸಿಮ್ಮೇ ಬೇಡ. ಮನೆಯವರಿಗೆ ಒಂದು ಕಾರ್ಡ್ ಕೊಟ್ಟು ಉಳಿಸೋಣ ಎಂಬ ಲೆಕ್ಕವೂ ಬೇಡ: ನಿಮ್ಮ ಕರೆಗಳೆಲ್ಲ ಅವರಲ್ಲೂ ರಿಂಗ್ ಆಗುತ್ತವೆ, ಅವರು ಯಾರಿಗೇ ಫೋನ್ ಮಾಡಿದರೂ ಅಲ್ಲಿ ಕಾಣುವುದು ನಿಮ್ಮ ನಂಬರ್.

ನಾನು ಇದನ್ನು ಬಿಡದಿರಲು ಕಾರಣ ಬೇರೆ. ಫೋನ್ ಕಳೆದುಹೋದಾಗ ಆ ಒಂದು ಕಾರ್ಡನ್ನಷ್ಟೇ ಬ್ಲಾಕ್ ಮಾಡಿಸಿದೆ. ಎಸ್ಸೆಮ್ಮೆಸ್ ಅನ್ನು ಟ್ಯಾಬಿಗೆ ತಿರುಗಿಸಿಕೊಂಡೆ. ಹೊಸ ಸಿಮ್ ಕೈಸೇರುವವರೆಗೂ ಅದೇ ನಂಬರಿನಲ್ಲಿ ಎಲ್ಲರಿಗೂ ಸಿಗುತ್ತಿದ್ದೆ.