ಪುಣೆ ಬಳಿಯ ಚಾಕಣದ ಮಳೆಗೆ ಸೆಕೆಂಡಿಗೆ 20 ಲೀಟರಿನ ಆಯಿಲ್ ಸೆಪರೇಟರ್ ತಡೆಯುತ್ತದೆಯೇ?

ಸ್ಕ್ರ್ಯಾಪ್ ಯಾರ್ಡಿಗೆ ಐದಕ್ಕೆ ನಾಲ್ಕು ಅಂಕ. ಇಡೀ ಕಾರ್ಖಾನೆಯ ಮಳೆನೀರಿಗೆ ಕಟ್ಟಿದರೆ ಒಂದೂ ಇಲ್ಲ.

ಮಾತು ಮಳೆನೀರಿನಿಂದ ಎಣ್ಣೆ ಬೇರ್ಪಡಿಸಲು ನೆಲದೊಳಗೆ ಹೂಳುವ ಫೈಬರ್ ಟ್ಯಾಂಕಿನ ಸೆಪರೇಟರ್ ಬಗ್ಗೆ, ಸೆಕೆಂಡಿಗೆ 20 ಲೀಟರಿನ ಮಾದರಿ. ಮೊದಲು ಕೆಸರು ಕೂರುವ ಕೋಣೆ. ಆಮೇಲೆ ಎಣ್ಣೆಯ ಸಣ್ಣ ಹನಿಗಳನ್ನು ಕೂಡಿಸಿ ದೊಡ್ಡದು ಮಾಡಿ ಮೇಲೆ ತೇಲಿಸುವ ಕೋಲೆಸರ್. ಕೊನೆಗೆ, ಎಣ್ಣೆ ಮಿತಿ ಮೀರಿದರೆ ಹೊರದಾರಿ ತಾನೇ ಮುಚ್ಚುವ ಫ್ಲೋಟ್. ಇಂಥ ಸೆಪರೇಟರುಗಳ ಯುರೋಪಿನ ಮಾನದಂಡ ಇಎನ್ 858ರ ಕ್ಲಾಸ್ 1 ಎಂದರೆ ಪರೀಕ್ಷೆಯಲ್ಲಿ ಹೊರಬಂದ ನೀರಿನ ಎಣ್ಣೆ ಲೀಟರಿಗೆ 5 ಮಿಲಿಗ್ರಾಂ ಒಳಗಿತ್ತು ಎಂದರ್ಥ. ಹಳ್ಳ, ನದಿಗೆ ಬಿಡುವ ನೀರಿಗೆ ನಮ್ಮಲ್ಲಿ ಸಾಮಾನ್ಯ ಮಿತಿ 10.

ಈಗ ಲೆಕ್ಕ. 1,200 ಚದರ ಮೀಟರಿನ ಕಾಂಕ್ರೀಟ್ ಯಾರ್ಡ್, ಗಂಟೆಗೆ 60 ಮಿ.ಮೀ. ಮಳೆ, ಅದರಲ್ಲಿ ಶೇ. 90 ಹರಿದು ಬಂದರೆ ಸೆಕೆಂಡಿಗೆ 18 ಲೀಟರ್. ಇಷ್ಟಕ್ಕೆ ಈ ಟ್ಯಾಂಕು ಸರಿಯಾಗಿ ಕೂರುತ್ತದೆ. ಪಕ್ಕದ ಶೆಡ್ಡಿನ 6,000 ಚದರ ಮೀಟರ್ ಶೀಟಿನ ನೀರನ್ನೂ ಅದೇ ಗಟಾರಕ್ಕೆ ಬಿಟ್ಟಿರೋ, ಅದೊಂದೇ ಸೆಕೆಂಡಿಗೆ 100 ಲೀಟರ್! ಕೂಡಿಟ್ಟ ಎಣ್ಣೆ, ಕೆಸರು ಎಲ್ಲ ಕದಡಿ ನೇರ ಇಂದ್ರಾಯಣಿ ನದಿಯ ಕಡೆಗೆ. ಮಾಡಿನ ನೀರಿಗೆ ಬೇರೆ ಪೈಪು ಹಾಕುವ ಖರ್ಚನ್ನು ಟ್ಯಾಂಕಿನ ಬೆಲೆಯ ಜೊತೆಗೇ ಎಣಿಸಬೇಕು. ಕೊಟೇಶನ್ನಿನಲ್ಲಿ ಆ ಸಾಲು ಕಾಣುವುದೇ ಅಪರೂಪ.

ಕೊಳ್ಳುವ ಮುಂಚೆ ಬಿಸ್ಲೇರಿ ಬಾಟಲಿಯ ಪರೀಕ್ಷೆ ಮಾಡಿ. ಯಾರ್ಡಿನ ಗಟಾರದ ನೀರನ್ನು ಬಾಟಲಿಯಲ್ಲಿ ಹಿಡಿದು ಅರ್ಧ ಗಂಟೆ ಅಲ್ಲಾಡಿಸದೆ ಇಡಿ. ಎಣ್ಣೆ ಮೇಲೆ ಪದರವಾಗಿ ನಿಂತರೆ ಸೆಪರೇಟರ್ ಕೆಲಸ ಮಾಡುತ್ತದೆ. ನೀರು ಮಜ್ಜಿಗೆಯ ಹಾಗೆ ಬೆಳ್ಳಗೇ ಉಳಿದರೆ ಅದು ಸಿಎನ್‌ಸಿ ಯಂತ್ರ ಕಡಿದ ಲೋಹದ ಚೂರುಗಳಿಂದ (ಚಿಪ್ಸ್) ಸೋರಿದ ಕೂಲಂಟ್, ಅಂದರೆ ಕಡಿಯುವಾಗ ತಂಪಿಗೆ ಸುರಿಯುವ ಎಣ್ಣೆ ಬೆರೆತ ನೀರು. ನೀರಲ್ಲಿ ಕಲಸಿಹೋದ ಎಣ್ಣೆಯನ್ನು ಯಾವ ಕೋಲೆಸರ್ ಕೂಡ ಹಿಡಿಯುವುದಿಲ್ಲ. ನೆಲ ತೊಳೆಯುವ ಸೋಪಿನ ನೀರಿನದೂ ಇದೇ ಕಥೆ. ಚಿಪ್ಸ್ ಬಿನ್ನಿನ ಮೇಲೆ ಮಾಡು ಹಾಕಿ, ಸೋರಿದ್ದನ್ನು ಕಾರ್ಖಾನೆಯ ಕೊಳಚೆನೀರು ಶುದ್ಧೀಕರಣ ಘಟಕಕ್ಕೆ (ಇಟಿಪಿ) ಕಳಿಸುವುದೊಂದೇ ದಾರಿ.

ಕೆಸರಿನ ಕೋಣೆಯಲ್ಲಿ ಜಿಪುಣತನ ಬೇಡ. ಮಧ್ಯಮ ಕೆಸರಿಗೆ ಸೆಕೆಂಡಿಗೆ ಹರಿಯುವ ಪ್ರತಿ ಲೀಟರಿಗೆ 200 ಲೀಟರ್ ಜಾಗ, ಹೆಚ್ಚಿದ್ದರೆ 300 ಎಂಬುದು ಇಎನ್ 858ರದೇ ಲೆಕ್ಕ. ಲಾರಿ ಟೈರುಗಳು ಮುರುಮ್ (ಗರಸು ಮಣ್ಣು) ಹೊತ್ತು ತರುವ ನಮ್ಮ ಕಡೆ 4,000 ಅಲ್ಲ, 6,000 ಲೀಟರಿನದೇ ಕೇಳಿ.

ಹೂಳುವಾಗ ಆಗುವ ದೊಡ್ಡ ತಪ್ಪು ಟ್ಯಾಂಕು ತೇಲಿ ಮೇಲೆ ಬರುವುದು. ಇಲ್ಲಿ ಗುಂಡಿ ತೋಡುವುದು ಕರಿಗಲ್ಲಿನಲ್ಲಿ, ಬ್ರೇಕರ್ ಹಚ್ಚಿ. ಆ ಗುಂಡಿ ಮಳೆಗಾಲದಲ್ಲಿ ಬಾವಿಯೇ ಸರಿ, ನೀರು ಇಂಗುವುದಿಲ್ಲ. ಮುಳುಗಿದ ಪ್ರತಿ 1,000 ಲೀಟರಿಗೆ ಒಂದು ಟನ್ ಮೇಲೊತ್ತಡ. 10,000 ಲೀಟರಿನ ಖಾಲಿ ಟ್ಯಾಂಕಿಗೆ ಹತ್ತು ಟನ್. ಕೆಳಗೆ ಆರ್‌ಸಿಸಿ ಸ್ಲ್ಯಾಬ್, ಅದಕ್ಕೆ ಬಿಗಿದ ಪಟ್ಟಿ ಇರಲೇಬೇಕು. ಸುತ್ತ ಗುಂಡನೆಯ ಸಣ್ಣ ಜಲ್ಲಿ ತುಂಬುತ್ತಾ ಹೋದಷ್ಟೂ ಒಳಗೂ ಅಷ್ಟೇ ಎತ್ತರಕ್ಕೆ ನೀರು ಬಿಡಿ. ಗುಂಡಿಯಿಂದ ತೆಗೆದ ಕಲ್ಲಿನ ಚೂರನ್ನೇ ಮತ್ತೆ ತುಂಬಿದರೆ ಫೈಬರ್ ಸೀಳುತ್ತದೆ.

ಫ್ಲೋಟಿನದು ಇನ್ನೊಂದು ರಗಳೆ. ಅದು ನೀರಲ್ಲಿ ತೇಲುತ್ತದೆ, ಎಣ್ಣೆಯಲ್ಲಿ ಮುಳುಗುತ್ತದೆ. ಖಾಲಿ ಟ್ಯಾಂಕಿನಲ್ಲಿ ತಳಕ್ಕೆ ಕೂತು ಹೊರದಾರಿ ಮುಚ್ಚಿರುತ್ತದೆ. ಕ್ಲೀನ್ ಮಾಡಿದ ಮೇಲೆ ಶುದ್ಧ ನೀರು ತುಂಬಿ, ಕೈಯಿಂದ ಫ್ಲೋಟ್ ಎತ್ತಿ, ತೇಲಿತೇ ಎಂದು ನೋಡದೆ ಮುಚ್ಚಳ ಹಾಕಿದರೆ ಮೊದಲ ಮಳೆಗೇ ಯಾರ್ಡ್ ಕೆರೆ. ಆಗ ಯಾರೋ ಇಳಿದು ಫ್ಲೋಟನ್ನೇ ಕಿತ್ತು ಮೂಲೆಗಿಡುತ್ತಾರೆ. ನೀರೇನೋ ಇಳಿಯುತ್ತದೆ, ಆದರೆ ನಾಳೆ ಡೀಸೆಲ್ ಡ್ರಮ್ ಉರುಳಿದರೆ ತಡೆಯಲು ಏನೂ ಇರುವುದಿಲ್ಲ.

ಕ್ಲೀನಿಂಗ್ ರೋಹಿಣಿ ಮಳೆಗೆ ಮುಂಚೆಯೇ ಮುಗಿಯಲಿ, ಮಿರುಗ (ಮೃಗಶಿರ ಮಳೆ) ಹೊಕ್ಕ ಮೇಲೆ ಬೇಡ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಎಣ್ಣೆಯ ದಪ್ಪ ಅಳೆಯಿರಿ. ಪೆಟ್ರೋಲ್ ಬಂಕಿನವರ ವಾಟರ್ ಪೇಸ್ಟ್ ಕೋಲಿಗೆ ಸವರಿ ಇಳಿಸಿದರೆ ಸಾಕು, ಬಣ್ಣ ಬದಲಾದಲ್ಲಿಂದ ಕೆಳಗೆ ನೀರು. ಎಣ್ಣೆ ಹೆಚ್ಚಾದರೆ ಕೂಗುವ ಅಲಾರಂ ಪ್ರೋಬ್ ಇದೆ ಎಂದು ಇದನ್ನು ಬಿಡಬೇಡಿ, ಆ ಕೇಬಲ್ಲೆಂದರೆ ಇಲಿಗಳಿಗೆ ಪ್ರೀತಿ. ಕೋಲೆಸರನ್ನು ಮೆಲ್ಲಗೆ ಪೈಪಿನ ನೀರಲ್ಲಿ ತೊಳೆಯಿರಿ, ಪ್ರೆಶರ್ ಜೆಟ್ ಬೇಡ; ತೊಳೆದ ನೀರು ಒಳಬರುವ ಬದಿಗೇ ಬೀಳಲಿ. ಟ್ಯಾಂಕಿನೊಳಗಿನ ಗಾಳಿಯನ್ನು ಗ್ಯಾಸ್ ಮೀಟರಿನಿಂದ ನೋಡದೆ ಯಾರನ್ನೂ ಒಳಗಿಳಿಸಬೇಡಿ.

ಹೀರಿದ ಎಣ್ಣೆ, ಕೆಸರು ಅಪಾಯಕಾರಿ ತ್ಯಾಜ್ಯ. ಅನುಮತಿ ಇದ್ದವರ ಟ್ಯಾಂಕರಿಗೇ, 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಫಾರ್ಮ್ 10 (ಸಾಗಣೆ ಚೀಟಿ) ಬರೆದೇ ಕೊಡಬೇಕು. ಡ್ರಮ್ಮಿಗೆ ಇಷ್ಟು ಎಂದು ಗುಜರಿಯವನು ಕೇಳಿಕೊಂಡು ಬರುತ್ತಾನೆ, ಕೊಡಬೇಡಿ. ಆರ್ಡರ್ ಹಾಕುವಾಗಲೇ ಫ್ಲೋಟಿನ ರಬ್ಬರ್ ಸೀಲ್ ಎರಡು, ಕೋಲೆಸರ್ ಒಂದು ಸೆಟ್ ಹೆಚ್ಚಿಗೆ ಬರೆಸಿಕೊಳ್ಳಿ.