ಪುಕ್ಕಟೆ ಸಿಗುವ ಡೊರೊಥಿಯಾ ಲ್ಯಾಂಗ್: ಲೈಬ್ರರಿ ಆಫ್ ಕಾಂಗ್ರೆಸ್ ಜಾಲತಾಣ ಬಳಸುವವರಿಗೆ

ಅಮೆರಿಕದ ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ ಎಂದರೆ ಹೆಚ್ಚಿನವರ ಕಣ್ಣಿಗೆ ಬರುವುದು ಒಂದೇ ಚಿತ್ರ: ಕೆನ್ನೆಗೆ ಕೈ ಹಚ್ಚಿ ಕೂತ ತಾಯಿ, ಅವಳ ಎರಡೂ ಹೆಗಲಿಗೆ ಮುಖ ಮರೆಸಿ ಒರಗಿದ ಮಕ್ಕಳು. 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೊಮೊದಲ್ಲಿ, ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ತೆಗೆದದ್ದು. ಲ್ಯಾಂಗ್ ಆಗ ಅಮೆರಿಕ ಸರ್ಕಾರದ ಸಂಬಳದಲ್ಲಿದ್ದರು. ಹಾಗಾಗಿ ಹಕ್ಕುಸ್ವಾಮ್ಯದ ತೊಡಕಿಲ್ಲ, ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ ಈ ಚಿತ್ರಗಳನ್ನು ಪೂರ್ತಿ ಗಾತ್ರದಲ್ಲೇ ಕೊಡುತ್ತದೆ. ಲಾಗಿನ್ ಬೇಡ, ದುಡ್ಡು ಬೇಡ, ಚಿತ್ರದ ಮೇಲೆ ಮುದ್ರೆಯೂ ಇಲ್ಲ.

ತಲೆನೋವು ಇರುವುದು ಹುಡುಕಾಟದಲ್ಲಿ. ಲ್ಯಾಂಗ್ ಮತ್ತು ಇತರ ಸರ್ಕಾರಿ ಛಾಯಾಗ್ರಾಹಕರ ಚಿತ್ರಗಳಿರುವ ಈ ಸಂಗ್ರಹದಲ್ಲಿ ಸುಮಾರು 1,75,000 ಕಪ್ಪು-ಬಿಳುಪು ನೆಗೆಟಿವ್‌ಗಳಿವೆ. ಆ ಕಾಲದಲ್ಲಿ ಪ್ರಿಂಟ್ ಹಾಕಿಸದೆ ಬಿಟ್ಟವಕ್ಕೆ ವಿವರಣೆಯನ್ನೇ ಬರೆದಿರಲಿಲ್ಲ. ಇವತ್ತು ಕೆಲವಕ್ಕೆ 'ಇಂಥದ್ದಕ್ಕೆ ಸಂಬಂಧಿಸಿರಬಹುದು' ಎಂಬ ಊಹೆಯ ಶೀರ್ಷಿಕೆ ಇದೆ, ಕೆಲವಕ್ಕೆ ಅದೂ ಇಲ್ಲ. ಬರೀ ಪದ ಹಾಕಿ ಹುಡುಕಿದರೆ ಇವು ಕೈಗೆ ಸಿಗುವುದಿಲ್ಲ. ಗೊತ್ತಿರುವ ಒಂದು ಚಿತ್ರ ತೆರೆದು, ಕಾಲ್ ನಂಬರಿನ (ಲೈಬ್ರರಿ ಪ್ರತಿ ಚಿತ್ರಕ್ಕೂ ಕೊಟ್ಟ ಗುರುತು ಸಂಖ್ಯೆ) ಅಕ್ಕಪಕ್ಕದ್ದನ್ನು ತೋರಿಸುವ ಕೊಂಡಿ ಒತ್ತಿ. ಒಂದೇ ಹೊಲದ, ಒಂದೇ ಗುಡಿಸಲಿನ ಬೇರೆ ಚಿತ್ರಗಳು ಸಾಲಾಗಿ ಬರುತ್ತವೆ. ಈ ತಾಣದ ನಿಜವಾದ ಬೆಲೆ ಇರುವುದು ಇಲ್ಲೇ.

ಆದರೆ ನಂಬರನ್ನು ಪೂರ್ತಿ ನಂಬಬೇಡಿ. ತಾಯಿಯ ಪ್ರಸಿದ್ಧ ಚಿತ್ರ 9058, ಅದೇ ಗುಡಾರದ ಬೇರೆ ಚಿತ್ರಗಳು 9093, 9095, 9097. ನಂಬರುಗಳನ್ನು ಕೊಟ್ಟದ್ದು ಆಮೇಲೆ, ಕಚೇರಿಯಲ್ಲಿ. ಯಾವುದು ಮೊದಲು ತೆಗೆದದ್ದು ಎಂಬುದು ಅವುಗಳಿಂದ ತಿಳಿಯುವುದಿಲ್ಲ.

ಡೌನ್‌ಲೋಡಿಗೆ ಟಿಫ್ (ಪೂರ್ತಿ ಗಾತ್ರದ) ಕಡತವನ್ನೇ ಆರಿಸಿ, ಹತ್ತಾರು ಎಂಬಿ ಇದ್ದರೂ ಸರಿ. ದೊಡ್ಡದೆಂದು ತೋರಿಸುವ ಜೆಪೆಗ್‌ನ ಉದ್ದ ಸುಮಾರು ಸಾವಿರ ಪಿಕ್ಸೆಲ್, 300 ಡಿಪಿಐ (ಇಂಚಿಗೆ 300 ಚುಕ್ಕೆ) ಲೆಕ್ಕದಲ್ಲಿ ಪ್ರಿಂಟ್ ಹಾಕಿದರೆ ಮೂರೂವರೆ ಇಂಚೂ ಆಗದು. ತಾಯಿಯ ಚಿತ್ರದ ಟಿಫ್ ಹಿಗ್ಗಿಸಿ ಕೆಳಗಿನ ಬಲ ಮೂಲೆ ನೋಡಿ: ಗುಡಾರದ ಕಂಬ ಹಿಡಿದಿದ್ದ ಹೆಬ್ಬೆರಳನ್ನು ಲ್ಯಾಂಗ್ ಆಮೇಲೆ ನೆಗೆಟಿವ್‌ನಲ್ಲೇ ಅಳಿಸಿಸಿದರು, ಅದರ ಮಸುಕು ನೆರಳು ಇನ್ನೂ ಉಳಿದಿದೆ. ತಿದ್ದುವ ಮುಂಚಿನ ಪ್ರಿಂಟಿನ ಸ್ಕ್ಯಾನ್ ಬೇರೆ ದಾಖಲೆಯಾಗಿ ಸಿಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡದೆ ಬಿಡಬೇಡಿ.

ಪ್ರಿಂಟ್ ಹಾಕಿಸುವವರಿಗೆ ಒಂದು ಮಾತು. ಲ್ಯಾಂಗ್ ಅವರ ಗ್ರಾಫ್ಲೆಕ್ಸ್ ಕ್ಯಾಮೆರಾದ ಫಿಲ್ಮು 4×5 ಇಂಚು. 8×10ಕ್ಕೆ ಸರಿಯಾಗಿ ಕೂರುತ್ತದೆ, ಅದಕ್ಕೆ 2400×3000 ಪಿಕ್ಸೆಲ್ ಸಾಕು. ಸ್ಟುಡಿಯೋದವರು ರೂಢಿಯಂತೆ 8×12 ಹಾಕಿದರೆ ಪಕ್ಕದ ಮಗುವಿನ ತಲೆ ಕತ್ತರಿಸಿಹೋಗುತ್ತದೆ. ಬಿಳಿ ಅಂಚು ಬಿಟ್ಟು ಹಾಕಲು ಹೇಳಿ. ಬಣ್ಣದ ಕಾಗದದ ಮೇಲೆ ಕಪ್ಪು-ಬಿಳುಪು ಚಿತ್ರಕ್ಕೆ ಹಸಿರೋ ಕೆಂಪೋ ಛಾಯೆ ಬರುವುದುಂಟು, ಮೊದಲು ಒಂದು ಸಣ್ಣ ಪ್ರಿಂಟ್ ತೆಗೆಸಿ ನೋಡಿ.

ಲ್ಯಾಂಗ್ ಅವರ ಕೆಲಸವೆಲ್ಲ ಇಲ್ಲಿದೆ ಎಂದುಕೊಳ್ಳಬೇಡಿ. ಸರ್ಕಾರಿ ಕೆಲಸಕ್ಕೆ ಮುಂಚೆ, 1933ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೆಗೆದ ಪುಕ್ಕಟೆ ಊಟಕ್ಕೆ ಸಾಲು ನಿಂತವರ ಚಿತ್ರ ಈ ಸಂಗ್ರಹಕ್ಕೆ ಸೇರಿದ್ದಲ್ಲ. 1942ರಲ್ಲಿ ಜಪಾನೀ ಮೂಲದ ಅಮೆರಿಕನ್ನರನ್ನು ಶಿಬಿರಗಳಿಗೆ ಸಾಗಿಸಿದಾಗಿನ ಚಿತ್ರಗಳನ್ನು ಸೇನೆ ಯುದ್ಧ ಮುಗಿಯುವವರೆಗೆ ಮುಚ್ಚಿಟ್ಟಿತ್ತು, ಅವಕ್ಕೆ ಅಮೆರಿಕದ ನ್ಯಾಷನಲ್ ಆರ್ಕೈವ್ಸ್ ನೋಡಬೇಕು. ಅವರ ಸ್ವಂತ ಸಂಗ್ರಹ ಓಕ್‌ಲ್ಯಾಂಡ್ ಮ್ಯೂಸಿಯಂನಲ್ಲಿದೆ, ಅಲ್ಲಿಂದ ಬಳಸುವುದಾದರೆ ಮೊದಲು ಅನುಮತಿ ಕೇಳಿ.