ಹುಡುಗರಿಗೊಂದು, ಹುಡುಗಿಯರಿಗೊಂದು: ಎರಡು ವಿಜ್ಞಾನ ಕಿಟ್‌ಗಳ ವಿಮರ್ಶೆ

ಎಂಟು ವರ್ಷ ಮೇಲ್ಪಟ್ಟ ಮಕ್ಕಳಿಗೆಂದು ಒಂದೇ ಕಂಪನಿ ತಯಾರಿಸುವ ಎರಡು ವಿಜ್ಞಾನ ಕಿಟ್‌ಗಳನ್ನು ಒಟ್ಟಿಗೆ ತರಿಸಿ, ಮನೆಯ ಮಕ್ಕಳೊಂದಿಗೆ ಕುಳಿತು ಬಳಸಿ ನೋಡಿದ್ದೇನೆ. ‘ಹುಡುಗರಿಗಾಗಿ’ ಎಂದು ಬರೆದಿರುವ ನೀಲಿ ಪೆಟ್ಟಿಗೆಯಲ್ಲಿ ಬ್ಯಾಟರಿ ಹೋಲ್ಡರ್, ಸ್ವಿಚ್, ಸಣ್ಣ ಮೋಟಾರ್, ಬಲ್ಬು ಮತ್ತು ವೈರುಗಳಿವೆ. ‘ಹುಡುಗಿಯರಿಗಾಗಿ’ ಎಂದಿರುವ ಗುಲಾಬಿ ಪೆಟ್ಟಿಗೆಯಲ್ಲಿ ಕರಗಿಸಿ ಬಳಸುವ ಸೋಪಿನ ಗಟ್ಟಿ, ಬಣ್ಣ, ಸುಗಂಧ ಹಾಗೂ ಹೃದಯದಾಕಾರದ ಅಚ್ಚುಗಳಿವೆ. ಸಾಮಗ್ರಿಗಳ ಗುಣಮಟ್ಟ ಎರಡರಲ್ಲೂ ಚೆನ್ನಾಗಿದೆ.

ನನ್ನ ತಕರಾರು ಇರುವುದು ಕೈಪಿಡಿಗಳ ಬಗ್ಗೆ. ನೀಲಿ ಕೈಪಿಡಿ ಪ್ರತಿ ಪ್ರಯೋಗದ ಕೊನೆಯಲ್ಲೂ ‘ಹೀಗೇಕಾಯಿತು?’ ಎಂದು ಕೇಳುತ್ತದೆ; ಬ್ಯಾಟರಿಯ ತುದಿಗಳನ್ನು ಅದಲುಬದಲು ಮಾಡಿದರೆ ಮೋಟಾರ್ ವಿರುದ್ಧ ದಿಕ್ಕಿಗೆ ತಿರುಗುವುದೇಕೆ ಎಂಬುದನ್ನು ಮಗುವೇ ಯೋಚಿಸಿ ಬರೆಯಲೆಂದು ಅರ್ಧ ಪುಟ ಖಾಲಿ ಬಿಟ್ಟಿದೆ. ಗುಲಾಬಿ ಕೈಪಿಡಿಯಲ್ಲಿರುವುದು ಕರಗಿಸಿ, ಸುರಿಯಿರಿ, ಆರಲು ಬಿಡಿ, ರಿಬ್ಬನ್ ಕಟ್ಟಿ ಉಡುಗೊರೆ ಕೊಡಿ ಎಂಬ ಸೂಚನೆಗಳು ಮಾತ್ರ. ಸೋಪಿನಲ್ಲಿ ವಿಜ್ಞಾನಕ್ಕೇನು ಬರವೇ? ಅದರ ಅಣುವಿನ ಒಂದು ತುದಿ ನೀರಿನತ್ತ, ಇನ್ನೊಂದು ತುದಿ ಎಣ್ಣೆಯತ್ತ ಸೆಳೆಯಲ್ಪಡುವುದರಿಂದಲೇ ಜಿಡ್ಡು ನೀರಿನೊಂದಿಗೆ ಹರಿದು ಹೋಗುತ್ತದೆ. ಎಣ್ಣೆಯೂ ಕ್ಷಾರವೂ ಸೇರಿ ಸೋಪಾಗುವುದಂತೂ ರಸಾಯನಶಾಸ್ತ್ರದ ಸೊಗಸಾದ ಪಾಠ. ಮಕ್ಕಳ ಕೈಗೆ ಕ್ಷಾರ ಕೊಡದಿರುವುದು ಸುರಕ್ಷತೆಯ ದೃಷ್ಟಿಯಿಂದ ಸರಿಯೇ. ಆದರೆ ವಿವರಣೆಯನ್ನೂ ಕೈಬಿಡಲು ಯಾವ ಕಾರಣವೂ ಇರಲಿಲ್ಲ.

ಹೆಣ್ಣು ಗಂಡುಗಳ ದೇಹಭೇದ ಪ್ರಕೃತಿಯದು. ಸರ್ಕ್ಯೂಟು ಹುಡುಗನಿಗೆ, ಸುಗಂಧ ಹುಡುಗಿಗೆ ಎಂಬ ಹಂಚಿಕೆ ಸಮಾಜ ಮಾಡಿದ್ದು. ಬಣ್ಣಗಳ ವಿಷಯವೂ ಅಷ್ಟೇ: 1918ರಲ್ಲಿ ಅಮೆರಿಕದ ಮಕ್ಕಳ ಉಡುಪು ವ್ಯಾಪಾರದ ಪತ್ರಿಕೆಯೊಂದು ಗುಲಾಬಿಯನ್ನು ಗಂಡುಮಕ್ಕಳಿಗೂ ನೀಲಿಯನ್ನು ಹೆಣ್ಣುಮಕ್ಕಳಿಗೂ ಸೂಚಿಸಿತ್ತು. ಇಂಥ ಹಂಚಿಕೆ ಮಕ್ಕಳ ಮನಸ್ಸಿಗೆ ಬಹಳ ಬೇಗ ಇಳಿಯುತ್ತದೆ. 2017ರಲ್ಲಿ ‘ಸೈನ್ಸ್’ ನಿಯತಕಾಲಿಕದಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅಸಾಧಾರಣ ಬುದ್ಧಿವಂತಿಕೆಯನ್ನು ತಮ್ಮದೇ ಲಿಂಗದವರೊಂದಿಗೆ ಗುರುತಿಸುವುದರಲ್ಲಿ ಐದು ವರ್ಷದ ಹುಡುಗಿಯರು ಹುಡುಗರಿಗೆ ಸಮನಾಗಿದ್ದರು. ಆರು ವರ್ಷದ ಹೊತ್ತಿಗೆ ಆ ನಂಬಿಕೆ ಕುಗ್ಗಿ, ‘ತುಂಬಾ ಬುದ್ಧಿವಂತರಿಗಾಗಿ’ ಎಂದು ಪರಿಚಯಿಸಿದ ಆಟಗಳಿಂದ ಅವರು ಹಿಂದೆ ಸರಿಯತೊಡಗಿದ್ದರು. ಹೀಗೆ ಹಿಂಜರಿಯಲು ಕಲಿತ ಮಗುವಿಗೆ ಎಂಟನೇ ವಯಸ್ಸಿನಲ್ಲಿ ಪ್ರಶ್ನೆಗಳೇ ಇಲ್ಲದ ವಿಜ್ಞಾನ ಕಿಟ್ ಸಿಗುತ್ತದೆ. ಮುಂದೆ ಎಂಜಿನಿಯರಿಂಗ್ ತರಗತಿಗಳಲ್ಲೂ ಹೆಚ್ಚು ಸಂಬಳದ ಹುದ್ದೆಗಳಲ್ಲೂ ಹೆಣ್ಣುಮಕ್ಕಳ ಸಂಖ್ಯೆ ಕಡಿಮೆಯಿದ್ದಾಗ, ಅವರಿಗೆ ಆಸಕ್ತಿಯೇ ಇಲ್ಲ ಎಂದು ನಾವು ತೀರ್ಮಾನಿಸುತ್ತೇವೆ. ಇದು ನನಗೆ ಅತ್ಯಂತ ಅನ್ಯಾಯವಾಗಿ ಕಾಣುತ್ತದೆ.

ನೀಲಿ ಕಿಟ್ ಅನ್ನು ಮಗಳಿಗೂ ಮಗನಿಗೂ ಧಾರಾಳವಾಗಿ ಕೊಡಿಸಬಹುದು. ಐದಕ್ಕೆ ನಾಲ್ಕು ಅಂಕ. ಗುಲಾಬಿ ಕಿಟ್‌ಗೆ ಎರಡು. ಅದನ್ನೇ ತರುವುದಾದರೆ, ಒಂದು ಲೋಟ ನೀರಿಗೆ ಎಣ್ಣೆಯ ಹನಿ ಬಿಟ್ಟು, ಸೋಪು ಕದಡಿ, ಆಗುವ ಬದಲಾವಣೆಯನ್ನು ದೊಡ್ಡವರೇ ಮಕ್ಕಳಿಗೆ ತೋರಿಸಬೇಕಾಗುತ್ತದೆ.